ಗೆರೆಗೆ ಸಮಯ ಕೊಡಿ: ಮಕ್ಕಳ ಕಾರ್ಟೂನ್ ವಾಹಿನಿಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ವಾಹಿನಿಗಳನ್ನೂ ಸ್ಟ್ರೀಮಿಂಗ್ ವೇದಿಕೆಗಳನ್ನೂ ನಡೆಸುತ್ತಿರುವ, ಅನಿಮೇಷನ್ ಸರಣಿಗಳಿಗೆ ಹಣ ಹೂಡುತ್ತಿರುವ ಮಾನ್ಯರಿಗೆ ನಮಸ್ಕಾರಗಳು.

‘ನಮ್ಮ ಕಾಲದ ಕಾರ್ಟೂನ್‌ಗಳೇ ಚೆನ್ನಾಗಿದ್ದವು’ ಎಂದು ದೊಡ್ಡವರು ಹೇಳಿದಾಗಲೆಲ್ಲ ಅದನ್ನು ಬಾಲ್ಯದ ಹಂಬಲವೆಂದು ಪಕ್ಕಕ್ಕೆ ಸರಿಸುವುದು ರೂಢಿಯಾಗಿಬಿಟ್ಟಿದೆ. ಹಂಬಲ ಇರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಚಿಕ್ಕಂದಿನಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಜೀವನವಿಡೀ ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿಯೇ ಉಳಿಯುತ್ತದೆ. ಆದರೆ ಆ ಮಾತಿನೊಳಗೆ ಪರಿಶೀಲಿಸಿ ನೋಡಬಹುದಾದ ದೂರೊಂದು ಅಡಗಿದೆ. ಮಕ್ಕಳು ದಿನನಿತ್ಯ ನೋಡುವ ಸರಣಿಗಳಲ್ಲಿ ಒಂದೊಂದು ಸೆಕೆಂಡಿನ ಚಲನೆಗೂ ಕಲಾವಿದರಿಗೆ ಸಿಗುವ ಸಮಯ ಕುಗ್ಗಿದೆ. ಹಾಗೆ ಸಮಯ ಪಡೆದು ಸಿದ್ಧವಾದ ಹಳೆಯ ಕೃತಿಗಳನ್ನೋ, ಅವುಗಳ ಗುಣವೇ ಕಾಣದಂತೆ ಕತ್ತರಿಸಿ, ಒರೆಸಿ, ಕೆಲವೊಮ್ಮೆ ಪೂರ್ತಿಯಾಗಿ ಮರೆಮಾಡಿ ನಮ್ಮ ಮುಂದಿಡಲಾಗುತ್ತಿದೆ. ನಾನು ಈ ಪತ್ರ ಬರೆಯುತ್ತಿರುವುದು ಆ ದೂರನ್ನು ನಿಮ್ಮ ಮೇಜಿಗೆ ತಲುಪಿಸುವುದಕ್ಕಾಗಿ.

ಹಂಬಲವೇ ಬೇರೆ, ಗುಣವೇ ಬೇರೆ ಎಂಬುದಕ್ಕೆ ಟಾಮ್ ಅಂಡ್ ಜೆರ್ರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1940ರಿಂದ 1958ರವರೆಗೆ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಅಮೆರಿಕದ ಎಂಜಿಎಂ ಚಲನಚಿತ್ರ ಸಂಸ್ಥೆಗಾಗಿ ಈ ಜೋಡಿಯ 114 ಕಿರುಚಿತ್ರಗಳನ್ನು ನಿರ್ದೇಶಿಸಿದರು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂತು. ಮುಂದೆ 1961–62ರಲ್ಲಿ ಇದೇ ಬೆಕ್ಕು, ಇದೇ ಇಲಿಯ 13 ಚಿತ್ರಗಳು ಜೀನ್ ಡೈಚ್ ಅವರ ನಿರ್ದೇಶನದಲ್ಲಿ ಪ್ರಾಗ್ ನಗರದಲ್ಲಿ, ತೀರ ಕಡಿಮೆ ಹಣದಲ್ಲಿ ತಯಾರಾದವು. ಅವುಗಳ ಬಳಿಕ ಚಕ್ ಜೋನ್ಸ್ ಅವರ ತಂಡದ 34 ಚಿತ್ರಗಳು ಬಂದವು. ಟಿವಿಯಲ್ಲಿ ಇವೆಲ್ಲ ಒಂದರೊಳಗೊಂದು ಬೆರೆತೇ ಪ್ರಸಾರವಾಗುತ್ತಿದ್ದವು. ನಿರ್ದೇಶಕರ ಹೆಸರನ್ನು ಓದಲೂ ಬಾರದ ಮಗುವಿಗೆ ಪ್ರಾಗ್‌ನ ಚಿತ್ರ ಶುರುವಾದ ಅರ್ಧ ನಿಮಿಷದಲ್ಲೇ ಇದು ಬೇರೆ ಯಾವುದೋ ಕೈ ಎಂದು ಗೊತ್ತಾಗುತ್ತಿತ್ತು: ನಡೆಯಲ್ಲಿ ಒಂದು ಬಗೆಯ ಜಗ್ಗಾಟ, ಪ್ರತಿಧ್ವನಿಸುವ ಸದ್ದು, ಬರಿದಾದ ಕೋಣೆಗಳು. ನೋಡುಗರ ಬಾಲ್ಯ ಒಂದೇ, ಪಾತ್ರಗಳೂ ಒಂದೇ, ನೋಡಿದ ಟಿವಿಯೂ ಒಂದೇ. ಹಂಬಲವೊಂದೇ ಕಾರಣವಾಗಿದ್ದರೆ ಆ ಮೂರು ತಂಡಗಳ ಚಿತ್ರಗಳೂ ಇಂದು ಅಷ್ಟೇ ಪ್ರಿಯವಾಗಿ ಉಳಿದಿರಬೇಕಿತ್ತು.

ಆ ಮೊದಲ ಚಿತ್ರಗಳ ಹಿಂದಿನ ಲೆಕ್ಕವನ್ನು ಒಮ್ಮೆ ನೋಡಿ. ಸಿನಿಮಾ ಒಂದು ಸೆಕೆಂಡಿಗೆ 24 ಫ್ರೇಮ್‌ಗಳಂತೆ, ಅಂದರೆ 24 ಸ್ಥಿರ ಚಿತ್ರಗಳಂತೆ ಓಡುತ್ತದೆ. ಏಳು ನಿಮಿಷದ ಕಿರುಚಿತ್ರವೆಂದರೆ 10,080 ಫ್ರೇಮ್‌ಗಳು. ಕೈಯಿಂದ ಬರೆದ ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಷ್ಟು ಹೊತ್ತು ನಿಲ್ಲಿಸಿದರೂ ಒಂದೇ ಒಂದು ಪಾತ್ರ ಉದ್ದಕ್ಕೂ ಚಲಿಸುತ್ತಿರಲು 5,040 ಚಿತ್ರಗಳು ಬೇಕು. ಪಾತ್ರಗಳು ಎರಡಾದರೆ ಲೆಕ್ಕವೂ ಇಮ್ಮಡಿ. ಅವನ್ನು ಮೊದಲು ಪೆನ್ಸಿಲ್‌ನಲ್ಲಿ ಒರಟಾಗಿ ಬರೆದು, ತಿದ್ದಿ, ಪಾರದರ್ಶಕ ಹಾಳೆಯಾದ ಸೆಲ್‌ನ ಮುಂಬದಿಗೆ ಶಾಯಿಯಲ್ಲಿ ಗೆರೆ ಎಳೆದು, ಹಿಂಬದಿಗೆ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು ಒಂದೊಂದಾಗಿ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕಿತ್ತು.

ಇಷ್ಟೆಲ್ಲ ಚಿತ್ರಗಳು ಏಕೆ ಬೇಕಾಗಿದ್ದವು ಎಂಬುದು ಬೆಕ್ಕು ಓಡಲು ಹೊರಟ ಕ್ಷಣವನ್ನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ಅದು ನೇರವಾಗಿ ಮುಂದಕ್ಕೆ ಹೋಗುವುದಿಲ್ಲ. ಮೊದಲು ಇಡೀ ಮೈ ಹಿಂದಕ್ಕೆ ಸರಿದು, ಬೆನ್ನು ಬಿಲ್ಲಿನಂತೆ ಬಾಗಿ, ಒಂದು ಕಾಲು ಗಾಳಿಯಲ್ಲಿ ಮಡಚಿಕೊಳ್ಳುತ್ತದೆ. ಕಣ್ಣು ಆಗಲೇ ಹೋಗಬೇಕಾದ ದಿಕ್ಕಿಗೆ ತಿರುಗಿರುತ್ತದೆ. ಬಳಿಕ ಒಂದೆರಡು ಫ್ರೇಮ್‌ಗಳಲ್ಲಿ ಬೆಕ್ಕಿನ ಆಕಾರವೇ ಇರುವುದಿಲ್ಲ, ಬೂದುಬಣ್ಣದ ಉದ್ದನೆಯ ಎಳೆಯೊಂದೇ ಇರುತ್ತದೆ. ಆಮೇಲೆ ಧೂಳು ಮಾತ್ರ. ಓಟದ ವೇಗ ಮಗುವಿನ ಮೈಗೆ ತಟ್ಟುವುದು ಆ ಹಿಂದಕ್ಕೆ ಸರಿದ ಭಂಗಿಯಿಂದ. ಅದನ್ನು ಬಿಟ್ಟು ಪಾತ್ರವನ್ನು ಎಡದಿಂದ ಬಲಕ್ಕೆ ಎಷ್ಟೇ ಬಿರುಸಾಗಿ ಜಾರಿಸಿದರೂ ಅದಕ್ಕೆ ತೂಕ ಬರುವುದಿಲ್ಲ. ಇದರೊಟ್ಟಿಗೆ ಸಂಗೀತವಿತ್ತು. ಸ್ಕಾಟ್ ಬ್ರಾಡ್ಲಿ ಅವರು ಆ ಚಿತ್ರಗಳಿಗೆ ವಾದ್ಯವೃಂದವನ್ನು ಬಳಸಿ ಹೆಜ್ಜೆಹೆಜ್ಜೆಗೂ ಹೊಂದುವಂತೆ ಸಂಗೀತ ರಚಿಸಿದರು. ‘ದಿ ಕ್ಯಾಟ್ ಕನ್ಚರ್ಟೊ’ ಚಿತ್ರದಲ್ಲಿ ಟಾಮ್ ಪಿಯಾನೊ ನುಡಿಸುವುದು ಸಂಗೀತ ಸಂಯೋಜಕ ಲಿಸ್ಟ್ ಅವರ ಎರಡನೆಯ ಹಂಗೇರಿಯನ್ ರ‍್ಯಾಪ್ಸೋಡಿಯನ್ನು. ಆ ರಚನೆಯ ಹೆಸರು ಗೊತ್ತಿಲ್ಲದ ಅಸಂಖ್ಯಾತ ಜನರಿಗೆ ಅದರ ಸ್ವರಗಳು ಇಂದಿಗೂ ನೆನಪಿವೆ. ಮಕ್ಕಳಿಗೆ ಇಷ್ಟು ಸಾಕು ಎಂಬ ಮಾತು ಆ ತಂಡದವರ ಕೆಲಸದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹಿನ್ನೆಲೆ ಚಿತ್ರಗಳ ಬಗ್ಗೆ ಒಂದು ಮಾತು. ಬಂಡೆಯಿಂದ ಯಾವ ಕಲ್ಲು ಉರುಳಲಿದೆ, ಸಾಲು ಬಾಗಿಲುಗಳಲ್ಲಿ ಯಾವುದು ತೆರೆದುಕೊಳ್ಳಲಿದೆ ಎಂಬುದು ಹಳೆಯ ಕಾರ್ಟೂನ್ ನೋಡಿ ಬೆಳೆದವರಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಅದರ ಬಣ್ಣ ಸುತ್ತಲಿನದಕ್ಕಿಂತ ಚಪ್ಪಟೆಯಾಗಿ, ತುಸು ತಿಳಿಯಾಗಿ ಕಾಣುತ್ತಿತ್ತು. ಹಿನ್ನೆಲೆಯನ್ನು ಕಾಗದದ ಮೇಲೆ ಕುಂಚದಿಂದ ನೆರಳು ಬೆಳಕು ತುಂಬಿ ಬರೆಯುತ್ತಿದ್ದರು, ಚಲಿಸಬೇಕಾದ ಕಲ್ಲನ್ನು ಮಾತ್ರ ಸೆಲ್ ಮೇಲೆ ಒಂದೇ ಪದರದ ಬಣ್ಣದಲ್ಲಿ ತುಂಬುತ್ತಿದ್ದರು. ತಾಂತ್ರಿಕವಾಗಿ ಅದು ಕೊರತೆಯೇ. ಆದರೂ ಅದರ ಮೂಲಕ ಒಂದು ಮಗು ಈ ಪ್ರಪಂಚವನ್ನು ಯಾರೋ ಕೈಯಾರೆ ಮಾಡಿದ್ದಾರೆ ಎಂಬುದನ್ನು ಯಾರೂ ಹೇಳಿಕೊಡದೆ ಅರಿಯುತ್ತಿತ್ತು. 1992ರಲ್ಲಿ ಆರಂಭವಾದ ಬ್ಯಾಟ್‌ಮನ್ ಅನಿಮೇಷನ್ ಸರಣಿಯ ಕಲಾವಿದರು ಹಿನ್ನೆಲೆಗಳನ್ನು ಬಿಳಿ ಕಾಗದದ ಬದಲು ಕಪ್ಪು ಕಾಗದದ ಮೇಲೆ ಬರೆದರು. ಕತ್ತಲೆ ಅಲ್ಲಿ ಮೊದಲೇ ಇತ್ತು, ಬೆಳಕನ್ನಷ್ಟೇ ಅವರು ಕುಂಚದಿಂದ ತಂದರು. ಆ ನಗರದ ರಾತ್ರಿ ಇಷ್ಟು ವರ್ಷಗಳ ಮೇಲೂ ನೋಡುಗರ ಮನಸ್ಸಿನಲ್ಲಿ ನಿಂತಿದೆ.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಸಾಧಿಸಲು ನಾನು ಹೊರಟಿಲ್ಲ. ಅಗ್ಗದ ಅನಿಮೇಷನ್ ಹೊಸದಾಗಿ ಹುಟ್ಟಿದ್ದೇನಲ್ಲ. ಎಂಜಿಎಂನ ಕಾರ್ಟೂನ್ ವಿಭಾಗ 1957ರಲ್ಲಿ ಮುಚ್ಚಿದ ಮೇಲೆ ಹನ್ನಾ ಮತ್ತು ಬಾರ್ಬೆರಾ ತಮ್ಮದೇ ಸಂಸ್ಥೆ ಕಟ್ಟಿ ಟಿವಿಗೆ ಬಂದರು, ಅಲ್ಲಿನ ಹಣಕ್ಕೂ ಗಡುವಿಗೂ ತಕ್ಕಂತೆ ಚಲನೆಯನ್ನು ಕಡಿತಗೊಳಿಸಿದರು. 1958ರಲ್ಲಿ ಕಾಣಿಸಿಕೊಂಡ ಯೋಗಿ ಕರಡಿಯ ಕೊರಳಪಟ್ಟಿ ಬರಿಯ ಅಲಂಕಾರಕ್ಕೆ ಇದ್ದದ್ದಲ್ಲ. ಮೈಯನ್ನು ಕದಲಿಸದೆ ತಲೆಯನ್ನಷ್ಟೇ ಮತ್ತೆ ಮತ್ತೆ ಬರೆಯಲು ಆ ಪಟ್ಟಿಯ ಗೆರೆಯಲ್ಲಿ ಚಿತ್ರವನ್ನು ಎರಡಾಗಿ ಬೇರ್ಪಡಿಸುತ್ತಿದ್ದರು. 1959ರ ‘ಕ್ಲಚ್ ಕಾರ್ಗೊ’ ಸರಣಿಯಲ್ಲಿ ನಿಶ್ಚಲ ಮುಖಗಳ ಮೇಲೆ ನಿಜವಾದ ಮನುಷ್ಯರ ತುಟಿಗಳನ್ನು ಅಂಟಿಸಿದಂತೆ ತೋರಿಸಲಾಯಿತು. 1983ರ ‘ಹೀ-ಮ್ಯಾನ್’ ಆಟಿಕೆಗಳ ಮಾರಾಟದ ಜೊತೆಗೆ ಹೆಣೆದುಕೊಂಡಿದ್ದ ಸರಣಿ. ಅದರಲ್ಲಿ ಅದೇ ಓಟ, ಅದೇ ನೆಗೆತ ಕಂತಿನಿಂದ ಕಂತಿಗೆ ಮರಳಿ ಬರುತ್ತಿತ್ತು. ಇವನ್ನೂ ಪ್ರೀತಿಯಿಂದ ನೆನೆಯುವವರಿದ್ದಾರೆ. ಆದರೆ ಇವು ಅನಿಮೇಷನ್ನಿನ ಎತ್ತರಗಳೆಂದು ನಾನು ವಾದಿಸಲಾರೆ.

ಚಿತ್ರಗಳ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಗುಣ ಕುಸಿಯಬೇಕಿಲ್ಲ ಎಂಬುದಕ್ಕೂ ಉದಾಹರಣೆಗಳಿವೆ, ಇದು ನೀವು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಲೊಟ್ಟೆ ರೈನಿಗರ್ 1926ರಲ್ಲೇ ಕಪ್ಪು ಕಾಗದವನ್ನು ಕತ್ತರಿಸಿ ಮಾಡಿದ ನೆರಳಿನ ಬೊಂಬೆಗಳಿಂದ ಒಂದು ಪೂರ್ಣಪ್ರಮಾಣದ ಚಿತ್ರವನ್ನು ಮುಗಿಸಿದ್ದರು. ಅದಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಯೂರಿ ನೋರ್‌ಸ್ಟೀನ್ ಅವರ 1975ರ ‘ಹೆಡ್ಜ್‌ಹಾಗ್ ಇನ್ ದಿ ಫಾಗ್’ ಕೂಡ ಕತ್ತರಿಸಿದ ತುಂಡುಗಳ ಅನಿಮೇಷನ್ನೇ. ಮಂಜನ್ನು ತೋರಿಸಲು ಅವರು ತೀರ ತೆಳುವಾದ ಕಾಗದವನ್ನು ದೃಶ್ಯದ ಮೇಲಿಟ್ಟು, ಒಂದೊಂದು ಫ್ರೇಮ್‌ಗೂ ತುಸು ತುಸುವೇ ಕ್ಯಾಮೆರಾದ ಕಡೆಗೆ ಎತ್ತುತ್ತಾ ಹೋದರು. ಕಾಗದ ಮೇಲೇರಿದಂತೆ ಕೆಳಗಿನ ಪ್ರಾಣಿ ಮಸುಕಾಗಿ ಕರಗುತ್ತದೆ. ಒಂದು ಹಾಳೆ ಮತ್ತು ಅಪಾರ ತಾಳ್ಮೆ, ಅಷ್ಟರಿಂದಲೇ ಆ ಮಂಜು ಹುಟ್ಟಿತು. ಇತ್ತೀಚಿನದನ್ನೇ ಹೇಳಬೇಕೆಂದರೆ 2018ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಆರಂಭವಾದ ‘ಬ್ಲೂಯಿ’ ಇದೆ. ಅದರ ಪಾತ್ರಗಳು ಕಂಪ್ಯೂಟರ್‌ನಲ್ಲಿ ತುಂಡುಗಳಿಂದ ಜೋಡಿಸಿದ ಬೊಂಬೆಗಳೇ, ಕಂತು ಏಳು ನಿಮಿಷದ್ದೇ. ಆದರೂ ಪ್ರತಿ ಕಂತಿಗೂ ಅದರದೇ ಸಂಗೀತವನ್ನು ರಚಿಸುತ್ತಾರೆ, ಮಗುವೊಂದು ಬೇಸರದಿಂದ ನೆಲಕ್ಕೆ ಕುಸಿದು ಕೂರುವ ರೀತಿಯನ್ನು ಕಣ್ಣಿಟ್ಟು ನೋಡಿ ಬರೆದಿರುತ್ತಾರೆ. ಹೊಸತನ್ನು ದೂರುವ ದೊಡ್ಡವರೂ ಮಕ್ಕಳ ಪಕ್ಕ ಕುಳಿತು ಅದನ್ನು ನೋಡುತ್ತಾರೆ. ಉಪಕರಣ ಯಾವುದಾದರೂ ಇರಲಿ, ಗಮನವಿಟ್ಟು ಮಾಡಲು ಬಿಡುವಿದ್ದರೆ ಕೆಲಸ ಚೆನ್ನಾಗಿ ಬರುತ್ತದೆ.

ಬಿಡುವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಂದಿನ ಹಲವು ಸರಣಿಗಳ ಯಾವುದಾದರೊಂದು ಸಂಭಾಷಣೆಯ ದೃಶ್ಯದಲ್ಲಿ ನೋಡಬಹುದು. ಪಾತ್ರ ಮುಕ್ಕಾಲು ಮುಖ ತೋರಿಸಿ ನಿಂತಿರುತ್ತದೆ, ಕಂತು ಮುಗಿಯುವವರೆಗೂ ಹಾಗೆಯೇ ನಿಂತಿರುತ್ತದೆ. ಮೊಣಕೈ ಒಂದು ಗುಂಡಿಯ ಸುತ್ತ ತಿರುಗಿದಂತೆ ತಿರುಗುತ್ತದೆ, ಹೆಗಲು ಮಾತ್ರ ಅದಕ್ಕೆ ಸ್ಪಂದಿಸುವುದೇ ಇಲ್ಲ. ಬಾಯಿಯ ನಾಲ್ಕಾರು ಆಕಾರಗಳು ಒಂದಾದ ಮೇಲೊಂದು ಬದಲಾಗುತ್ತವೆ, ಆದರೆ ಕೆನ್ನೆ ಕದಲುವುದಿಲ್ಲ, ಹುಬ್ಬು ಮೊದಲೇ ಸಿದ್ಧವಿರುವ ಮೂರು ಭಾವಗಳಲ್ಲಿ ಒಂದಕ್ಕೆ ಹಾರಿ ಕೂರುತ್ತದೆ. ಗೆರೆ ಎಲ್ಲೆಡೆ ಒಂದೇ ದಪ್ಪ. ಇದನ್ನು ಮಾಡಿದ ಕಲಾವಿದರನ್ನು ನಾನು ಎಳ್ಳಷ್ಟೂ ದೂಷಿಸುತ್ತಿಲ್ಲ. ವಾರಕ್ಕೆ ಇಷ್ಟು ಸೆಕೆಂಡಿನ ಚಲನೆಯನ್ನು ಒಪ್ಪಿಸಲೇಬೇಕೆಂಬ ನಿಯಮದ ಕೆಳಗೆ, ಕಥೆಯ ಹಿಂದುಮುಂದು ಗೊತ್ತಿಲ್ಲದೆ, ತನ್ನ ಪಾಲಿಗೆ ಬಂದ ದೃಶ್ಯವನ್ನಷ್ಟೇ ಮುಗಿಸಿ ಕಳುಹಿಸುವ ಯುವ ಅನಿಮೇಟರ್‌ಗೆ ಹೆಗಲನ್ನು ಕದಲಿಸಬೇಕೆಂದು ಚೆನ್ನಾಗಿಯೇ ಗೊತ್ತಿರುತ್ತದೆ. ಹಾಗೆ ಮಾಡಲು ಬೇಕಾದ ಆ ಅರ್ಧ ದಿನವನ್ನು ಕೊಡದವರು ಗಡುವನ್ನೂ ಬಜೆಟ್ಟನ್ನೂ ನಿಗದಿಪಡಿಸುವವರು, ಅಂದರೆ ನೀವು.

ಹಳೆಯ ಹೆಸರುಗಳನ್ನು ಹೊಸದಾಗಿ ತರುವ ಕೆಲಸದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1974ರಲ್ಲಿ ಜಪಾನಿನಲ್ಲಿ ತಯಾರಾದ ‘ಹೈದಿ’ ಸರಣಿಗೆ 52 ಕಂತುಗಳಿದ್ದವು. ಇಸಾವೊ ತಕಹತ ಅದರ ನಿರ್ದೇಶಕರು. ಆಗಿನ್ನೂ ಯುವಕರಾಗಿದ್ದ ಹಯಾವೊ ಮಿಯಾಝಾಕಿ ದೃಶ್ಯ ವಿನ್ಯಾಸವನ್ನು ನೋಡಿಕೊಂಡರು. ಕಥೆ ನಡೆಯುವ ಬೆಟ್ಟಗಳನ್ನು ಕಣ್ಣಾರೆ ಕಾಣಲು ಅವರ ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದಿತ್ತು. ಅದೇನೂ ಸಿನಿಮಾ ಆಗಿರಲಿಲ್ಲ, ವಾರವಾರವೂ ಪ್ರಸಾರವಾಗುತ್ತಿದ್ದ ಟಿವಿ ಸರಣಿ, ಹಣವೂ ಹೆಚ್ಚಿರಲಿಲ್ಲ. ಆದರೂ ಹುಡುಗಿಯೊಬ್ಬಳು ಹುಲ್ಲಿನ ಮೇಲೆ ಓಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಬಹುದಿತ್ತು. ಅದೇ ಹೈದಿ 2015ರಲ್ಲಿ ಕಂಪ್ಯೂಟರ್ ನಿರ್ಮಿತ ಮೂರು ಆಯಾಮದ ಸರಣಿಯಾಗಿ ಮರಳಿ ಬಂದಳು. 1975ರ ‘ಮಾಯಾ ದಿ ಬೀ’ ಸರಣಿಯ ಜೇನುಹುಳು 2012ರಲ್ಲೇ ಹೀಗೆ ರೂಪಾಂತರಗೊಂಡಿತ್ತು. ಹೊಸವುಗಳಲ್ಲಿ ಹೊಳಪಿದೆ, ಸ್ವಚ್ಛತೆಯಿದೆ. ಆದರೆ ನನ್ನ ಕಣ್ಣಿಗೆ ಅಲ್ಲಿ ಹವೆ ಇಲ್ಲ. ಬೆಳಗಿನ ಬೆಳಕಿಗೂ ಸಂಜೆಯ ಬೆಳಕಿಗೂ ವ್ಯತ್ಯಾಸವೆಂದರೆ ಬಣ್ಣದ ಒಂದು ಛಾಯೆ ಮಾತ್ರ. ಹಳೆಯ ಸರಣಿಯ ಮೇಲಿನ ಪ್ರೀತಿಯನ್ನು ನಂಬಿಕೊಂಡು ಹೊಸದನ್ನು ಮಾರುವುದಾದರೆ, ಆ ಪ್ರೀತಿ ಯಾವ ಗುಣದಿಂದ ಹುಟ್ಟಿತ್ತೋ ಆ ಗುಣಕ್ಕೂ ಹಣ ಮೀಸಲಿಡಬೇಕಲ್ಲವೇ?

ಮೂರು ಆಯಾಮದ ತಂತ್ರವೇ ತಪ್ಪು ಎಂದು ಇದರ ಅರ್ಥವಲ್ಲ. 2018ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರದಲ್ಲಿ ಇನ್ನೂ ಪಳಗದ ಹುಡುಗನನ್ನು ಸೆಕೆಂಡಿಗೆ 12 ಭಂಗಿಗಳಲ್ಲಿ, ಪಳಗಿದ ಜೊತೆಗಾರನನ್ನು 24 ಭಂಗಿಗಳಲ್ಲಿ ಚಲಿಸುವಂತೆ ಮಾಡಿ, ಇಬ್ಬರ ಅನುಭವದ ಅಂತರವನ್ನು ಚಲನೆಯಲ್ಲೇ ತೋರಿಸಿದರು. ಕಂಪ್ಯೂಟರ್‌ನಲ್ಲಿ ಇಂಥ ಕಲೆ ಸಾಧ್ಯವಿದೆ. ಆದರೆ ಅಂಥ ಶ್ರಮ ಹೋಗುತ್ತಿರುವುದು ವರ್ಷಕ್ಕೊಮ್ಮೆ ನೋಡುವ ಸಿನಿಮಾಗಳಿಗೆ. ಮಗುವಿನ ಕಣ್ಣು ನಿಜವಾಗಿ ಪಳಗುವುದು ಪ್ರತಿದಿನ ಸಂಜೆ ನೋಡುವ ಸಾಮಾನ್ಯ ಸರಣಿಯಲ್ಲಿ.

ಇನ್ನು ಹಳೆಯ ಕೃತಿಗಳನ್ನು ನೀವು ತೋರಿಸುತ್ತಿರುವ ರೀತಿ. ಇದರ ಬಗ್ಗೆ ನನಗೆ ಬೇಸರಕ್ಕಿಂತ ಹೆಚ್ಚಾಗಿ ಕೋಪವಿದೆ, ಏಕೆಂದರೆ ಇದನ್ನು ಸರಿಪಡಿಸಲು ಹೊಸದಾಗಿ ಒಂದು ಗೆರೆಯನ್ನೂ ಎಳೆಯಬೇಕಿಲ್ಲ. ಹಳೆಯ ಟಿವಿಯ ಪರದೆ ನಾಲ್ಕಕ್ಕೆ ಮೂರರ ಅಳತೆಯದು, ಇಂದಿನದು ಹದಿನಾರಕ್ಕೆ ಒಂಬತ್ತರದು. ಪಕ್ಕಗಳಲ್ಲಿ ಕಪ್ಪು ಪಟ್ಟಿ ಬರಬಾರದೆಂದು ಹಳೆಯ ಚಿತ್ರವನ್ನು ಹಿಗ್ಗಿಸಿ ಮೇಲೂ ಕೆಳಗೂ ಕತ್ತರಿಸಿದರೆ ಕಲಾವಿದ ಬರೆದ ಚಿತ್ರದಲ್ಲಿ ಸರಿಯಾಗಿ ಕಾಲುಭಾಗ ಹೋಗಿಬಿಡುತ್ತದೆ. ನೆಗೆದ ಪಾತ್ರದ ತಲೆ ಹೋಗುತ್ತದೆ, ನೆಲದ ಮೇಲಿನ ನೆರಳು ಹೋಗುತ್ತದೆ, ಕೆಲವೊಮ್ಮೆ ತಮಾಷೆಯೇ ಹೋಗುತ್ತದೆ. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಆರಂಭವಾದಾಗ ‘ದಿ ಸಿಂಪ್ಸನ್ಸ್’ ಸರಣಿಯ ಹಳೆಯ ಕಂತುಗಳು ಹೀಗೆಯೇ ಕತ್ತರಿಸಿಕೊಂಡು ಬಂದಿದ್ದವು. ಒಂದು ದೃಶ್ಯದಲ್ಲಿ ಮೂರು ಬೇರೆ ಬೇರೆ ಹೆಸರಿನ ಬಿಯರ್ ತೊಟ್ಟಿಗಳಿಗೆ ಮೇಲಿನಿಂದ ಒಂದೇ ಕೊಳವೆ ಬರುತ್ತದೆ. ನಗುವಿನ ಕಾರಣವೇ ಆ ಕೊಳವೆ. ಕತ್ತರಿಸಿದ ಚಿತ್ರದಲ್ಲಿ ತೊಟ್ಟಿಗಳಿದ್ದವು, ಕೊಳವೆ ಇರಲಿಲ್ಲ. ವೀಕ್ಷಕರು ದೂರಿದರು, 2020ರ ಮೇ ತಿಂಗಳಲ್ಲಿ ಮೂಲ ಅಳತೆಯಲ್ಲಿ ನೋಡುವ ಆಯ್ಕೆ ಮರಳಿ ಬಂತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕತ್ತರಿಸುವುದೊಂದೇ ಅಲ್ಲ. ಹಳೆಯ ಫಿಲಂನ ಕಣಕಣವಾದ ಒರಟುತನವನ್ನೂ ಗೀರುಗಳನ್ನೂ ಯಂತ್ರದಿಂದ ಒರೆಸುವಾಗ, ಶಾಯಿಯ ತೆಳ್ಳನೆಯ ಗೆರೆಯನ್ನೂ ಆ ಯಂತ್ರ ಕೊಳೆಯೆಂದೇ ತಿಳಿದು ಅಳಿಸಿಹಾಕುತ್ತದೆ. ಮೀಸೆಯ ಎಳೆಗಳು, ಬೆರಳ ಸಂದುಗಳು ಮಾಯವಾಗುತ್ತವೆ. ಇಂದಿನ ಹಲವು ಟಿವಿಗಳಲ್ಲಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯ ತಂತಾನೇ ಚಾಲೂ ಇರುತ್ತದೆ, ಅದು ಎರಡು ಚಿತ್ರಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಊಹಿಸಿ ತುಂಬುತ್ತದೆ. ಕಲಾವಿದ ಬೇಕೆಂದೇ ಎರಡು ಫ್ರೇಮ್ ಹೊತ್ತು ನಿಲ್ಲಿಸಿದ್ದ ಭಂಗಿ ಆಗ ನಿಲ್ಲುವುದೇ ಇಲ್ಲ, ನೀರಿನಲ್ಲಿ ತೇಲಿದಂತೆ ಸಾಗುತ್ತದೆ. ಹಳೆಯ ಕಾರ್ಟೂನ್‌ಗಳು ಇಂದಿನ ಮಕ್ಕಳಿಗೆ ಹಿಡಿಸುವುದಿಲ್ಲವೆಂದು ನೀವು ತೀರ್ಮಾನಿಸುವ ಮೊದಲು, ಅವರಿಗೆ ತೋರಿಸಿದ್ದು ಆ ಕಾರ್ಟೂನ್‌ಗಳನ್ನೇ ಹೌದೇ ಎಂದು ದಯವಿಟ್ಟು ವಿಚಾರಿಸಿ.

ಕೆಲವನ್ನಂತೂ ತೋರಿಸುವುದೇ ಇಲ್ಲ. 2022ರ ಆಗಸ್ಟ್‌ನಲ್ಲಿ ‘ಇನ್ಫಿನಿಟಿ ಟ್ರೈನ್’ ಸೇರಿದಂತೆ ಹಲವು ಅನಿಮೇಷನ್ ಸರಣಿಗಳನ್ನು ಎಚ್‌ಬಿಒ ಮ್ಯಾಕ್ಸ್ ವೇದಿಕೆಯಿಂದ ತೆಗೆದುಹಾಕಲಾಯಿತು. 2025ರ ಮಾರ್ಚ್‌ನಲ್ಲಿ ಲೂನಿ ಟ್ಯೂನ್ಸ್‌ನ ಮೂಲ ಕಿರುಚಿತ್ರಗಳೂ ಆಗ ಮ್ಯಾಕ್ಸ್ ಎಂದಷ್ಟೇ ಹೆಸರಿದ್ದ ಅದೇ ವೇದಿಕೆಯಿಂದ ಹೊರನಡೆದವು. ಸಿನಿಮಾ ಇತಿಹಾಸದ ಪಾಠಗಳಲ್ಲಿ ಹೆಸರಿಸಲಾಗುವ ಚಿತ್ರಗಳವು. ಸೆಲ್‌ಗಳು ಸುಕ್ಕುಗಟ್ಟಬಹುದು, ಫಿಲಂ ಹಾಳಾಗಬಹುದು, ಅದು ವಸ್ತುವಿನ ಗುಣ. ಆದರೆ ಸರ್ವರ್‌ನಲ್ಲಿ ಸುಸ್ಥಿತಿಯಲ್ಲಿರುವ ಕೃತಿಯನ್ನು ಲೆಕ್ಕಪತ್ರದ ಅನುಕೂಲಕ್ಕಾಗಿ ಕಾಣದಂತೆ ಮಾಡುವುದಕ್ಕೆ ಅಂಥ ನೆಪವಿಲ್ಲ. ಡಿವಿಡಿಯ ಕಾಲ ಮುಗಿಯುತ್ತಾ ಬಂದಿರುವಾಗ ಇಂಥ ಹಲವು ಕೃತಿಗಳಿಗೆ ನಿಮ್ಮ ವೇದಿಕೆಗಳೇ ಮನೆ.

ಹಳೆಯವುಗಳಲ್ಲಿ ಜನಾಂಗಗಳನ್ನೂ ಹೆಂಗಸರನ್ನೂ ಅವಮಾನಿಸುವ ಚಿತ್ರಣಗಳಿವೆ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಅಂಥವನ್ನು ಪುಟ್ಟ ಮಕ್ಕಳ ಪಟ್ಟಿಗೆ ಸೇರಿಸಬೇಡಿ. ದೊಡ್ಡವರಿಗಾಗಿ, ಆರಂಭದಲ್ಲೇ ಒಂದು ವಿವರಣೆಯೊಂದಿಗೆ, ಕತ್ತರಿಸದೆ ಇಡಿ.

ಕೊನೆಯದಾಗಿ ಕೆಲವು ಬೇಡಿಕೆಗಳು. ನೀವು ಹಣ ಹೂಡುವ ಮುಂದಿನ ಸರಣಿಯಲ್ಲಿ ಕಂತುಗಳ ಸಂಖ್ಯೆಯನ್ನು ತಗ್ಗಿಸಿ, ಉಳಿದ ಹಣವನ್ನು ಒಂದೊಂದು ಕಂತನ್ನು ತಯಾರಿಸುವ ಸಮಯಕ್ಕೆ ಸೇರಿಸಿ. ಮಕ್ಕಳು ಇಷ್ಟಪಟ್ಟ ಒಂದೇ ಕಂತನ್ನು ಹತ್ತಾರು ಸಲ ನೋಡುತ್ತಾರೆ, ಇದು ನಿಮ್ಮ ಅಂಕಿಅಂಶಗಳಲ್ಲೇ ಇರುತ್ತದೆ. ಹಾಗಿರುವಾಗ ರಾಶಿ ರಾಶಿ ಸಾಧಾರಣ ಕಂತುಗಳಿಂದ ಅವರಿಗೇನು ಲಾಭ? ಮಾತಿಲ್ಲದ ಕಂತುಗಳಿಗೂ ಅವಕಾಶವಿರಲಿ. ಚೆಕ್ ಕಲಾವಿದ ಝ್ದೆನೆಕ್ ಮಿಲರ್ ಅವರ ಪುಟ್ಟ ಹೆಗ್ಗಣದಂಥ ಪ್ರಾಣಿ ‘ಕ್ರ್ತೆಕ್’ ಹೆಚ್ಚು ಮಾತಾಡದೆ, ನಗು ಮತ್ತು ಉದ್ಗಾರಗಳಲ್ಲೇ ಹಲವು ಭಾಷೆಗಳ ಮಕ್ಕಳನ್ನು ತಲುಪಿತು. ಹಳೆಯ ಸರಣಿಗಳನ್ನು ಮೂಲ ಅಳತೆಯಲ್ಲಿ, ಮೂಲ ಶೀರ್ಷಿಕೆ ಗೀತೆಯೊಂದಿಗೆ ಕೊಡಿ. ಯಂತ್ರವೇ ಸೃಷ್ಟಿಸಿದ, ಯಾರೂ ಕುಳಿತು ನೋಡಿ ತಿದ್ದದ ವಿಡಿಯೊಗಳನ್ನು ಮಕ್ಕಳ ವಿಭಾಗದಲ್ಲಿ ಬೆರೆಸಬೇಡಿ.

ಇವುಗಳಲ್ಲಿ ಕೆಲವಕ್ಕೆ ಹಣ ಬೇಕು, ಕೆಲವಕ್ಕೆ ಹಕ್ಕುಗಳ ಮಾತುಕತೆ ಬೇಕು ಎಂಬುದನ್ನು ಬಲ್ಲೆ. ಆದರೆ ಒಂದಕ್ಕೆ ಏನೂ ಬೇಕಿಲ್ಲ. 1937ರ ‘ಸ್ನೋ ವೈಟ್’ ಚಿತ್ರದ ಸೆಲ್‌ಗಳಿಗೆ ಶಾಯಿ ಎಳೆದು ಬಣ್ಣ ತುಂಬಿದ ಮಹಿಳೆಯರ ಹೆಸರುಗಳು ಆ ಚಿತ್ರದ ಪರದೆಯ ಮೇಲೆ ಬರಲೇ ಇಲ್ಲ. ಇಂದಿನ ಅನಿಮೇಟರ್‌ಗಳ ಹೆಸರುಗಳು ಇವೆ, ಆದರೆ ಅವು ಮೂಡುವಷ್ಟರಲ್ಲಿ ನಿಮ್ಮ ವೇದಿಕೆ ಪರದೆಯನ್ನು ಕುಗ್ಗಿಸಿ ಮುಂದಿನ ಕಂತಿಗೆ ಜಿಗಿದುಬಿಡುತ್ತದೆ. ಮಕ್ಕಳ ವಿಭಾಗದಲ್ಲಿ ಆ ಜಿಗಿತವನ್ನು ನಿಲ್ಲಿಸಿ, ಹೆಸರುಗಳು ಪೂರ್ತಿ ಓಡಲಿ. ಇದನ್ನು ಯಾವಾಗಿನಿಂದ ಜಾರಿಗೆ ತರುತ್ತೀರಿ ಎಂಬುದಕ್ಕೆ ನಿಮ್ಮಿಂದ ಸಾರ್ವಜನಿಕ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ಕಾರ್ಟೂನ್‌ಗಳನ್ನು ಇಂದಿಗೂ ಆಸಕ್ತಿಯಿಂದ ನೋಡುವ ಒಬ್ಬ ವೀಕ್ಷಕ